ಪದ ಬೇಕಾಗಿದೆ: ಆನ್‌ಲೈನ್ ಆಟದ ‘ಲ್ಯಾಗ್’ (ನಾಳೆ ಬೆಳಿಗ್ಗೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಹಲವರು ಒಟ್ಟಿಗೆ ಆಡುವ ಒಂದು ಆನ್‌ಲೈನ್ ಆಟದ ಪರದೆಯ ಸಾಲುಗಳನ್ನೂ ಸಹಾಯ ಪುಟಗಳನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕು. ಉಳಿದದ್ದೆಲ್ಲ ಮುಗಿದಿದೆ, ‘ಲ್ಯಾಗ್’ (ಒತ್ತಿದ್ದಕ್ಕೆ ಆಟ ಕೂಡಲೇ ಓಗೊಡದಿರುವುದು) ಮತ್ತು ಅದರ ಬಳಗ ಮಾತ್ರ ಮೂರು ದಿನದಿಂದ ನನ್ನನ್ನು ಮುಂದಕ್ಕೆ ಬಿಡುತ್ತಿಲ್ಲ.

ಪರದೆಯ ಮೂಲೆಯಲ್ಲಿ ಕೆಂಪು ಚಿಹ್ನೆಯ ಜೊತೆ ಬರುವ ಎಚ್ಚರಿಕೆಗೆ ಏಳೆಂಟು ಅಕ್ಷರಗಳ ಜಾಗವಿದೆ. ಅದರ ಕೆಳಗೆ ‘ಲ್ಯಾಗ್ ವರದಿ ಮಾಡಿ’ ಎಂಬ ಗುಂಡಿ. ಸಹಾಯ ಪುಟದಲ್ಲಿ ಪಿಂಗ್ (ಆಟ ನಡೆಸುವ ಸರ್ವರ್ ಯಂತ್ರಕ್ಕೆ ಸಂದೇಶ ಹೋಗಿ ಬರುವ ಹೊತ್ತು), ಜಿಟರ್ (ಆ ಹೊತ್ತಿನ ಏರಿಳಿತ), ಪ್ಯಾಕೆಟ್ ಲಾಸ್ (ಸಂದೇಶದ ತುಣುಕುಗಳು ದಾರಿಯಲ್ಲಿ ಕಳೆದುಹೋಗುವುದು). ಜೊತೆಗೆ, ಪಾತ್ರವು ಮುಂದೆ ಓಡಿ ತಟ್ಟನೆ ಹಿಂದಿನ ಜಾಗಕ್ಕೇ ಬಂದು ನಿಲ್ಲುತ್ತದಲ್ಲ, ಆ ತೊಂದರೆಗೂ ಒಂದು ಹೆಸರು. ಹಿಂದಿನ ಅನುವಾದಕರು ಲೇಟೆನ್ಸಿಗೆ (ಸಂದೇಶ ತಲುಪಲು ಹಿಡಿಯುವ ಹೊತ್ತಿಗೆ) ‘ಸುಪ್ತತೆ’ ಎಂದು ಬರೆದಿಟ್ಟಿದ್ದಾರೆ. ‘ನಿಮ್ಮ ಸುಪ್ತತೆ ಹೆಚ್ಚಾಗಿದೆ’ ಎಂಬ ಸಾಲನ್ನು ಆಡುವವರ ಮುಂದಿಡಲು ನನಗೆ ಮನಸ್ಸಿಲ್ಲ.

ಲ್ಯಾಗ್ ಎಂಬುದನ್ನೇ ಉಳಿಸಿ ಎಂಬ ಉತ್ತರ ಬರುತ್ತದೆಂದು ಗೊತ್ತು. ಕೊನೆಗೆ ಅದೇ ಆದರೂ ಆಗಲಿ, ಹುಡುಕಿ ನೋಡಿದ ಮೇಲೆ ಆಗಲಿ.

ಮರು: ಪದ ಬೇಕಾಗಿದೆ: ಲ್ಯಾಗ್

ವಿಳಂಬ.

ಇದರಲ್ಲಿ ಮೂರು ದಿನ ಕಳೆಯುವಂಥದ್ದೇನೂ ಇಲ್ಲ. ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಪದ, ನಾಲ್ಕು ಅಕ್ಷರವೂ ಆಗುವುದಿಲ್ಲ. ಧಾತು ‘ಲಂಬ್’, ನೇತಾಡು, ಜೋಲು ಬೀಳು ಎಂದು ಅರ್ಥ. ಆಡುವ ಮಕ್ಕಳು ‘ಆಟ ಹ್ಯಾಂಗ್ ಆಯಿತು’ ಎನ್ನುವುದೂ ಅದೇ ನೇತಾಟವನ್ನೇ. ಧಾತುವಿನಲ್ಲೇ ಕುಳಿತಿರುವ ಅರ್ಥವನ್ನು ಬಿಟ್ಟು ಹೊರಗೆ ಹುಡುಕುವುದೇಕೆ? ಸುಪ್ತತೆಯನ್ನು ಅಳಿಸಿ. ಅದು ಅಡಗಿರುವುದಕ್ಕೆ ಕೊಟ್ಟ ಪದ, ತಡವಾಗುವುದಕ್ಕೆ ಅಲ್ಲ.

ಮರು: ಪದ ಬೇಕಾಗಿದೆ: ಲ್ಯಾಗ್

‘ತಡವಾಗುವುದಕ್ಕೆ’ ಎಂದು ನೀವೇ ಬರೆದಿದ್ದೀರಿ. ವಿವರಿಸುವಾಗ ಕೈಗೆ ಬಂದ ಪದ ತಡ, ಸಲಹೆ ಕೊಡುವಾಗ ಮಾತ್ರ ವಿಳಂಬ. ನಮ್ಮ ಪದಗಳಿಗೆ ನಾವು ಮಾಡುತ್ತಿರುವುದು ಇದನ್ನೇ: ಮನೆಯೊಳಗೆ ಬಳಸುತ್ತೇವೆ, ಬಾಗಿಲ ಮೇಲೆ ಬರೆಯಲು ಒಪ್ಪುವುದಿಲ್ಲ.

ತಡ, ತಡೆ, ತಡವು, ತಡವರಿಸು. ಇವನ್ನು ಒಟ್ಟಿಗಿಟ್ಟು ನೋಡಿ. ಕತ್ತಲಲ್ಲಿ ಕೈಯಾಡಿಸುವವನು ತಡವುತ್ತಾನೆ, ಮಾತು ಸಿಗದವನು ತಡವರಿಸುತ್ತಾನೆ, ದಾರಿಗೆ ಅಡ್ಡ ಬಂದದ್ದು ತಡೆ, ಅದರ ಫಲ ತಡ. ಒಂದೇ ಬುಡದ ಕೊಂಬೆಗಳು ಎಂಬುದು ನನ್ನ ನಂಬಿಕೆ. ತೆಲುಗಿನಲ್ಲೂ ‘ತಡವು’ ಎಂದರೆ ತಡವೇ. ಕಿಟ್ಟೆಲರ 1894ರ ನಿಘಂಟನ್ನು ತೆರೆದು ಆ ಪುಟಗಳನ್ನು ಒಮ್ಮೆ ಓದಿದವರು ವಿಳಂಬದ ಹೆಸರೆತ್ತುವುದಿಲ್ಲ. ಲೇಟೆನ್ಸಿಗೆ ‘ತಡ’, ಜಿಟರ್‌ಗೆ ‘ತಡವರಿಕೆ’, ಇಡೀ ತೊಂದರೆಗೆ ‘ಜಾಲತಡ’. ಒಂದೇ ಕುಟುಂಬದಿಂದ ಮೂರು ಪದಗಳು ಸಿಕ್ಕವು.

ಮರು: ಪದ ಬೇಕಾಗಿದೆ: ಲ್ಯಾಗ್

ಇಬ್ಬರೂ ಒಂದು ವಾರ ಇಂಥ ಆಟ ಆಡಿ ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ಹದಿನೈದು ವರ್ಷದಿಂದ ಆಡುತ್ತಿರುವವನಾಗಿ ಹೇಳುತ್ತೇನೆ: ಲ್ಯಾಗ್ ಎಂಬುದು ಒಂದು ತೊಂದರೆಯ ಹೆಸರಲ್ಲ. ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ಆಡುವವರು ಇಟ್ಟ ಒಂದೇ ಹೆಸರು. ಆ ಮಸುಕಿನಿಂದಲೇ ನಮಗೆ ನಷ್ಟವಾಗುತ್ತಿದೆ.

ಮೊದಲನೆಯದು ದೂರದ ತಡ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 5,000 ಕಿಲೋಮೀಟರ್ ಆಚೆ ಇದ್ದರೆ ಸಂದೇಶ ಹೋಗಿ ಬರುವುದಕ್ಕೆ 50 ಮಿಲಿಸೆಕೆಂಡ್ ಬೇಕೇ ಬೇಕು. ಮನೆಯ ರೂಟರ್ ಬದಲಿಸಿದರೆ ಇದು ಇಳಿಯುವುದಿಲ್ಲ. ಇದಕ್ಕೆ ‘ತಡ’ ಎನ್ನಿ, ‘ವಿಳಂಬ’ ಎನ್ನಿ, ನನ್ನ ತಕರಾರಿಲ್ಲ. ಸ್ಥಿರವಾಗಿ 80 ಇದ್ದರೂ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಎರಡನೆಯದು ಒಗ್ಗಿಕೊಳ್ಳಲಾಗದ್ದು. ಈ ಕ್ಷಣ 40, ಮರುಕ್ಷಣ 200, ಮತ್ತೆ 60. ಮನೆಯಲ್ಲಿ ಇನ್ನೊಬ್ಬರು ದೊಡ್ಡ ಕಡತವನ್ನು ಮೇಲೇರಿಸಲು ಶುರುಮಾಡಿದರೆ ರೂಟರ್‌ನ ಸರತಿ ತುಂಬಿ ನಮ್ಮ ಪುಟ್ಟ ಸಂದೇಶಗಳು ಅದರ ಹಿಂದೆ ಕಾಯುತ್ತವೆ. ವೈಫೈ ಬಿಟ್ಟು ತಂತಿ ಹಾಕಿದರೆ ಅರ್ಧ ತೊಂದರೆ ಹೋಗುವುದೂ ಈ ಬಗೆಯದರಲ್ಲೇ. ‘ತಡವರಿಕೆ’ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ, ಆ ಸಲಹೆ ಕೊಟ್ಟವರಿಗೆ ವಂದನೆ.

ಮೂರನೆಯದು ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳು. ವೇಗದ ಆಟಗಳು ಹೆಚ್ಚಾಗಿ ಯುಡಿಪಿ ಎಂಬ ರವಾನೆಯ ಕ್ರಮವನ್ನು ಬಳಸುತ್ತವೆ. ಕಳೆದುಹೋದದ್ದನ್ನು ತಾನಾಗಿ ಮತ್ತೆ ಕಳುಹಿಸುವ ಏರ್ಪಾಡು ಅದರಲ್ಲಿ ಇಲ್ಲ. ಇಲ್ಲಿ ‘ಸೋರಿಕೆ’ ಎಂದು ಮಾತ್ರ ಬರೆಯಬೇಡಿ. ಪತ್ರಿಕೆಗಳಲ್ಲಿ ಮಾಹಿತಿ ಸೋರಿಕೆ ಎಂದರೆ ಗುಟ್ಟು ಹೊರಬಿದ್ದದ್ದು. ಓದಿದವರು ಗಾಬರಿಯಾಗಿ ಪಾಸ್‌ವರ್ಡ್ ಬದಲಿಸುತ್ತಾರೆ.

ನಾಲ್ಕನೆಯದಕ್ಕೆ ಜಾಲದ ಸಂಬಂಧವೇ ಇಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದ ಯಂತ್ರಕ್ಕೆ ಒಂದೊಂದು ಚಿತ್ರ ಬಿಡಿಸಲು ಹದಿನಾರು ಚಿಲ್ಲರೆ ಮಿಲಿಸೆಕೆಂಡ್ ಮಾತ್ರ ಇರುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ಚಿತ್ರ ಮುಗ್ಗರಿಸುತ್ತದೆ. ಆಡುವವನು ಅದನ್ನೂ ಲ್ಯಾಗ್ ಎನ್ನುತ್ತಾನೆ.

ಇಷ್ಟು ಉದ್ದ ಏಕೆ ಬರೆದೆನೆಂದರೆ, ಒಂದು ಆಟದಲ್ಲಿ ಆರು ವಾರ ಪ್ರತಿ ಸಂಜೆ ಸರ್ವರ್ ಕಡೆಯಿಂದ ಪ್ಯಾಕೆಟ್‌ಗಳು ಕಳೆಯುತ್ತಿದ್ದವು. ಟ್ರೇಸ್‌ರೂಟ್ ದಾಖಲೆ (ಸಂದೇಶ ಸಾಗಿದ ದಾರಿಯ ಒಂದೊಂದು ಹೆಜ್ಜೆಯ ಪಟ್ಟಿ) ಸಮೇತ ಬರೆದೆ. ಕೊನೆಯ ಹೆಜ್ಜೆಯವರೆಗೆ ಎಲ್ಲವೂ ಸರಿಯಿದೆ ಎಂಬುದು ಅದರಲ್ಲಿ ಕಾಣುತ್ತಿತ್ತು. ಬಂದ ಉತ್ತರ: ‘ಲ್ಯಾಗ್ ಸಮಸ್ಯೆಗೆ ನಿಮ್ಮ ರೂಟರ್ ಆರಿಸಿ ಮತ್ತೆ ಹಚ್ಚಿ.’ ಮತ್ತೆ ಬರೆದೆ, ಅದೇ ಉತ್ತರ. ಮೂರನೆಯ ಸಲ ದೂರನ್ನೇ ಮುಚ್ಚಿದರು. ಎಲ್ಲಕ್ಕೂ ಒಂದೇ ಪದವಿದ್ದರೆ ಎಲ್ಲಕ್ಕೂ ಒಂದೇ ಉತ್ತರ ಕೊಡಬಹುದು. ಆದ್ದರಿಂದ ಒಂದು ಪದ ಹುಡುಕಬೇಡಿ. ತೊಂದರೆ ಎಲ್ಲಿದೆ ಎಂದು ಹೇಳುವ ನಾಲ್ಕು ಪದ ಕೊಡಿ.

ಮರು: ಅರಿಸಮಾಸ (ಹಿಂದೆ: ಲ್ಯಾಗ್)

ಆಟಗಳ ಬಗ್ಗೆ ಪಾಠಕ್ಕೆ ಧನ್ಯವಾದಗಳು. ನಾನು ಹೇಳಬೇಕಾದದ್ದು ‘ಜಾಲತಡ’ದ ಬಗ್ಗೆ.

ಜಾಲ ಸಂಸ್ಕೃತ, ತಡ ಕನ್ನಡ. ಶುದ್ಧ ಅರಿಸಮಾಸ, ಎಂದರೆ ಎರಡು ನುಡಿಗಳ ಪದ ಬೆರೆಸಿದ ಸಲ್ಲದ ಸಮಾಸ. ಕುದಿಯುವ ಹಾಲಿಗೆ ಮಜ್ಜಿಗೆ ಹನಿಸಿದಂತೆ ಎಂದು ಕವಿರಾಜಮಾರ್ಗವೇ ಹೇಳಿ ಸಾವಿರ ವರ್ಷ ದಾಟಿದೆ. ಸಂಸ್ಕೃತ ಬೇಡ ಎನ್ನುವವರು ಮೊದಲು ತಮ್ಮ ಸಮಾಸ ಸರಿಮಾಡಿಕೊಳ್ಳಲಿ.

ಮರು: ಅರಿಸಮಾಸ (ಹಿಂದೆ: ಲ್ಯಾಗ್)

ಹಾಗಾದರೆ ನಾಳೆಯಿಂದ ‘ಜಾಲತಾಣ’ ಎಂದು ಬರೆಯುವುದನ್ನೂ ನಿಲ್ಲಿಸಿ. ತಾಣ ಸ್ಥಾನದ ತದ್ಭವ. ಶಬ್ದಮಣಿದರ್ಪಣ ಎಂಬ ವ್ಯಾಕರಣ ಬರೆದ ಕೇಶಿರಾಜನ ಲೆಕ್ಕದಲ್ಲಿ ತದ್ಭವ ಕನ್ನಡದ ಸಾಲಿಗೆ ಸೇರುತ್ತದೆ. ಎಲ್ಲ ಪತ್ರಿಕೆಗಳೂ ಈ ಅರಿಸಮಾಸವನ್ನು ದಿನವೂ ಅಚ್ಚು ಹಾಕುತ್ತಿವೆ, ಯಾವ ಹಾಲೂ ಒಡೆದಿಲ್ಲ. ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ನಿಮಗಿಂತ ಅವನೇ ಉದಾರಿ.

‘ಪಿಂಗ್’ ವಿಷಯ ಯಾರೂ ಎತ್ತಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮೈಕ್ ಮ್ಯೂಸ್ ಆ ಹೆಸರಿನ ಪುಟ್ಟ ಪ್ರೋಗ್ರಾಮ್ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಸೋನಾರ್. ನೀರಿನೊಳಗೆ ಸದ್ದು ಬಿಟ್ಟು ಅದು ಬಡಿದು ಮರಳುವವರೆಗಿನ ಹೊತ್ತನ್ನು ಅಳೆಯುವುದು. ನಮ್ಮಲ್ಲಿ ಅದಕ್ಕೆ ‘ಮಾರ್ದನಿ’ ಇದೆ. ಮಾರ್ ಕನ್ನಡ, ದನಿ ಧ್ವನಿಯ ತದ್ಭವ, ಸಮಾಸವೂ ನಿರ್ದೋಷ. ‘ಮಾರ್ದನಿ 84’ ಎಂದು ಪರದೆಯಲ್ಲಿ ಕಂಡರೆ ನನಗಂತೂ ಹೆಮ್ಮೆ.

ಮರು: ಅರಿಸಮಾಸ (ಹಿಂದೆ: ಲ್ಯಾಗ್)

ಹೆಮ್ಮೆ ನಿಮಗೆ, ಗೊಂದಲ ಆಡುವವನಿಗೆ. ‘ಮಾರ್ದನಿ 84’ ಎಂಬುದನ್ನು ಧ್ವನಿಯ ಸೆಟ್ಟಿಂಗ್ ಎಂದುಕೊಂಡು ಸದ್ದು ತಗ್ಗಿಸಲು ಹೋಗುತ್ತಾನೆ. ಪಿಂಗ್ ಎಂಬುದನ್ನು ಹಾಗೆಯೇ ಬಿಡಿ.

ತಾರೀಖು, ಅರ್ಜಿ, ಚಾವಿ ಇವೆಲ್ಲ ಎಲ್ಲೆಲ್ಲಿಂದಲೋ ಬಂದವು. ಅರ್ಜಿ ಅರಬ್ಬಿಯದೆಂದು ಇಂದು ಯಾರಾದರೂ ಅರ್ಜಿ ಹಾಕುವುದನ್ನು ಬಿಟ್ಟಿದ್ದಾರೆಯೇ? ಪದ ಬಂದು ವಿಭಕ್ತಿ ಹತ್ತಿಸಿಕೊಂಡ ಮೇಲೆ ಅದು ನಮ್ಮದು. ‘ಲ್ಯಾಗಿನಿಂದ ಸೋತೆ’ ಎಂದು ಆಡುವವರು ಆಗಲೇ ಹೇಳುತ್ತಿದ್ದಾರೆ. ‘ಆಗು’ ಸೇರಿಸುತ್ತಾರೆ, ‘ಮಾಡು’ ಸೇರಿಸುವುದಿಲ್ಲ. ವ್ಯಾಕರಣ ಅದನ್ನು ಒಪ್ಪಿಕೊಂಡಾಗಿದೆ, ಈ ಅಂಚೆಪಟ್ಟಿಯ ಒಪ್ಪಿಗೆಗಾಗಿ ಕಾಯಲಿಲ್ಲ.

ಮರು: ಅರಿಸಮಾಸ (ಹಿಂದೆ: ಲ್ಯಾಗ್)

ಅರ್ಜಿಯ ಮಾತು ಬೇರೆ. ಇಲ್ಲಿ ನಮ್ಮದೇ ‘ತಡ’ ಇನ್ನೂ ಬಳಕೆಯಲ್ಲಿದೆ. ಇರುವುದನ್ನು ತಳ್ಳಿ ತರುವುದು ಸಾಲವಲ್ಲ, ಒಕ್ಕಲೆಬ್ಬಿಸುವುದು. ಇಷ್ಟೇ ನನ್ನ ಮಾತು, ಇನ್ನು ಬರೆಯುವುದಿಲ್ಲ.

ಮರು: ಪದ ಬೇಕಾಗಿದೆ: ಲ್ಯಾಗ್

ಪ್ರಶ್ನೆ ಕೇಳಿದವಳು ನಾನು. ದಯವಿಟ್ಟು ಗುಂಡಿಗೆ ಮರಳೋಣ, ಹೊತ್ತು ಕಡಿಮೆಯಿದೆ.

‘ತಡ’ ನನಗೆ ಇಷ್ಟವಾಯಿತು, ಆದರೆ ಪರದೆಯಲ್ಲಿ ಇಟ್ಟು ನೋಡಿದಾಗ ಎರಡು ತೊಡಕು ಕಂಡವು. ‘ತಡ ವರದಿ’ ಎಂದರೆ ತಡವಾಗಿ ಬಂದ ವರದಿ ಎಂದೂ ಓದಬಹುದು. ಅದಕ್ಕಿಂತ ದೊಡ್ಡದು, ಅದೇ ಸಾಲಿನಲ್ಲಿ ಕಿರುಕುಳ ಕೊಡುವ ಆಟಗಾರನನ್ನು ದೂರವಿಡುವ ಗುಂಡಿಯಿದೆ, ಅದರ ಮೇಲಿರುವುದು ‘ತಡೆ’. ಸಣ್ಣ ಪರದೆಯಲ್ಲಿ, ಅವಸರದಲ್ಲಿ, ಒಂದು ಏತ್ವ ಕಣ್ಣಿಗೆ ಬೀಳುವುದಿಲ್ಲ. ಜಾಲದ ದೂರು ಕೊಡಲು ಹೋದವರು ಜೊತೆಗಾರನನ್ನೇ ತಡೆದುಬಿಡುತ್ತಾರೆ.

ಹಾಗಾಗಿ ಈಗ ಬರೆದಿರುವುದು ಹೀಗಿದೆ. ಮೂಲೆಯ ಎಚ್ಚರಿಕೆಗೆ ‘ಸಂಪರ್ಕ ನಿಧಾನ’. ಪಿಂಗ್ ಹಾಗೆಯೇ ಉಳಿಯಿತು. ಸಹಾಯ ಪುಟದಲ್ಲಿ ಮಾತ್ರ ‘ನಿಮ್ಮ ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿದ ಹೊತ್ತು’ ಎಂದು ಬಿಡಿಸಿ ಹೇಳಿದ್ದೇನೆ. ಲೇಟೆನ್ಸಿಗೆ ‘ತಡ’, ಜಿಟರ್‌ಗೆ ‘ತಡವರಿಕೆ’, ಪ್ಯಾಕೆಟ್ ಲಾಸ್‌ಗೆ ‘ಕಳೆದುಹೋದ ಪ್ಯಾಕೆಟ್‌ಗಳು’, ಚಿತ್ರದ ತೊಂದರೆಗೆ ‘ಮುಗ್ಗರಿಕೆ’. ಗುಂಡಿಯನ್ನು ಒತ್ತಿದರೆ ಈ ನಾಲ್ಕೂ ಕಾಣುವಂತೆ ಮಾಡಲು ಸಾಧ್ಯವೇ ಎಂದು ಆಟದವರನ್ನು ಕೇಳಿದೆ, ಒಪ್ಪಿದ್ದಾರೆ. ಗುಂಡಿಯ ಮೇಲೆ ‘ಸಂಪರ್ಕದ ದೂರು’ ಎಂದಿರುತ್ತದೆ.

ಹಿಂದಕ್ಕೆ ಜಾರುವ ಪಾತ್ರಕ್ಕೆ ‘ಹಿಂಜರಿತ’ ಎಂದು ಬರೆದು ಅಳಿಸಿದೆ. ಹಿಂದೆ ಜರಿಯುವುದು ಎಂಬ ಮೂಲಾರ್ಥ ಅಚ್ಚುಕಟ್ಟಾಗಿ ಹೊಂದುತ್ತದೆ, ಆದರೆ ಇಂದಿನ ಓದುಗನಿಗೆ ಅದು ಅಳುಕು, ಇಲ್ಲವೇ ಪತ್ರಿಕೆಯ ಆರ್ಥಿಕ ಹಿಂಜರಿತ. ಈಗ ‘ಹಿಂಜಗ್ಗು’ ಎಂದಿದೆ. ಇದಕ್ಕಿಂತ ಒಳ್ಳೆಯದು ಇದ್ದರೆ ಈ ರಾತ್ರಿಯೇ ತಿಳಿಸಿ.

ಉಳಿದಿರುವುದು ಸಹಾಯ ವಿಭಾಗದ ಸಿದ್ಧ ಉತ್ತರಗಳು. ‘ನಿಮ್ಮ ದೂರನ್ನು ಪರಿಶೀಲಿಸಲಾಗುತ್ತಿದೆ’, ‘ಸಮಸ್ಯೆಯನ್ನು ಪರಿಹರಿಸಲಾಗಿದೆ’. ಇವನ್ನು ಹೀಗೆಯೇ ಬಿಡಲು ಕೈ ಬರುತ್ತಿಲ್ಲ.

ಮರು: ಪದ ಬೇಕಾಗಿದೆ: ಲ್ಯಾಗ್

ಇನ್ನು ಬರೆಯುವುದಿಲ್ಲ ಎಂದಿದ್ದೆ, ಆದರೆ ಇದಕ್ಕೆ ಬರೆಯಲೇಬೇಕು. ಆ ‘ಲಾಗುತ್ತಿದೆ’ಯನ್ನು ಕಿತ್ತು ಹಾಕಿ. ಕನ್ನಡದ ವಾಕ್ಯಕ್ಕೆ ಕರ್ತೃ ಬೇಕು. ‘ನಿಮ್ಮ ದೂರನ್ನು ನೋಡುತ್ತಿದ್ದೇವೆ’ ಎನ್ನಿ. ನೋಡುತ್ತಿರುವವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ‘ಹಿಂಜಗ್ಗು’ ಇರಲಿ, ಚೆನ್ನಾಗಿದೆ.

ಮರು: ಪದ ಬೇಕಾಗಿದೆ: ಲ್ಯಾಗ್

ಕರ್ಮಣಿ ಪ್ರಯೋಗ ಕನ್ನಡದ್ದಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ, ಅದನ್ನು ಬೇರೆ ದಿನ ನೋಡೋಣ. ಈ ಎರಡು ಸಾಲುಗಳ ಮಟ್ಟಿಗೆ ಅವರು ಹೇಳಿದ್ದು ಸರಿ.

ಮರು: ಪದ ಬೇಕಾಗಿದೆ: ಲ್ಯಾಗ್

ಆರು ವಾರ ಕಾದವನ ಕಡೆಯಿಂದ ಒಂದು ಸಣ್ಣ ತಿದ್ದುಪಡಿ. ಎರಡನೆಯ ಸಾಲನ್ನು ‘ಇಂಥದ್ದನ್ನು ಸರಿಪಡಿಸಿದ್ದೇವೆ, ಈಗ ಸರಿಯಿದೆಯೇ?’ ಎಂದು ಬದಲಿಸಿ, ‘ಇಲ್ಲ’ ಎಂದು ಒತ್ತಲು ಒಂದು ಗುಂಡಿಗೂ ಜಾಗ ಕೇಳಿ.