ಬೇಸಿಗೆಯಲ್ಲಿ ಗರಿ ಮರಳು ದ್ವೀಪ: ಒಂದೇ ದಿನ ಸಾಕೇ?

ಪ್ರಶ್ನೆ (ಪುಣೆಯಿಂದ):
ಡಿಸೆಂಬರ್‌ನಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ತಮ್ಮನ ಮನೆಗೆ ಹೋಗುವವರಿದ್ದೇವೆ. ಫ್ರೇಸರ್ ಎಂದು ಕರೆಯಲಾಗುತ್ತಿದ್ದು, 2023ರಲ್ಲಿ ಬುಚುಲ್ಲಾ ಮೂಲನಿವಾಸಿಗಳ ಮಾತಿನ ‘ಗರಿ’ ಎಂಬ ಹೆಸರನ್ನು ಅಧಿಕೃತವಾಗಿ ಮರಳಿ ಪಡೆದ ದ್ವೀಪವನ್ನು ಒಂದೇ ದಿನದಲ್ಲಿ ನೋಡಲಾದೀತೇ? ಜೊತೆಗಿರುವ ಅಮ್ಮನಿಗೆ ಎಪ್ಪತ್ತು ದಾಟಿದೆ, ಸೆಕೆ ತಡೆಯದು.

ಉತ್ತರ (ಮಡಗಾಂವ್‌ನಿಂದ):
ಸುಮಾರು 120 ಕಿಲೋಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ದೊಡ್ಡದಾದ ಈ ಮರಳು ದ್ವೀಪವನ್ನು ಒಂದು ದಿನದಲ್ಲಿ ಪೂರ್ತಿ ನೋಡುವುದು ಅಸಾಧ್ಯ. ಹರ್ವೀ ಬೇ ಬಳಿಯ ರಿವರ್ ಹೆಡ್ಸ್‌ನಿಂದ ಬೆಳಗಿನ ದೋಣಿ ಹಿಡಿದು ಮೊದಲು ಮೆಕೆಂಜಿ ಸರೋವರಕ್ಕೆ ಹೋಗಿ. ಕೊಳೆತ ಎಲೆ, ತೊಗಟೆಗಳು ಮರಳಿನೊಂದಿಗೆ ಬೆಸೆದು ಗಟ್ಟಿಯಾದ ಪದರವೇ ಅಲ್ಲಿನ ಮಳೆನೀರನ್ನು ಇಂಗದಂತೆ ಹಿಡಿದಿಟ್ಟಿದೆ. ದಡದ ಸಿಲಿಕಾ ಮರಳು ಉಪ್ಪಿನ ಪುಡಿಯಷ್ಟು ಬೆಳ್ಳಗೆ, ನುಣ್ಣಗೆ ಇದೆ; ನನ್ನ ಅತ್ತೆ ಅದರಿಂದ ಬಳೆ ಉಜ್ಜಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ಬಹಳ ಹೊತ್ತು ಕುಳಿತಿದ್ದರು. ಗೋವಾದ ಕಡಲನ್ನು ದಿನವೂ ನೋಡುವ ನನಗೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಉತ್ತರ (ಮುಂಬಯಿ, ಮಾಟುಂಗಾದಿಂದ):
ಕಾಡಿನೊಳಗಿನ ಮರಳು ದಾರಿ ವಿಪರೀತ ಕುಲುಕುತ್ತದೆ, ಆದ್ದರಿಂದ ಅಮ್ಮನಿಗೆ ಬಸ್ಸಿನ ಮುಂದಿನ ಆಸನ ಕೇಳಿ. ಪೂರ್ವದ ಕಡಲತೀರವೇ ಹೆದ್ದಾರಿಯಾದ್ದರಿಂದ, ಸ್ವಂತ ವಾಹನವಾದರೆ ಉಬ್ಬರವಿಳಿತದ ವೇಳೆ ನೋಡಿಯೇ ಹೊರಡಬೇಕು. ಸೆಳೆತವೂ ಶಾರ್ಕ್‌ಗಳೂ ಇರುವ ಆ ಸಮುದ್ರಕ್ಕೆ ಇಳಿಯದೆ, ತಣ್ಣನೆಯ ಈಲೈ ತೊರೆಯಲ್ಲಿ ಕಾಲಾಡಿಸಿ. 1935ರಲ್ಲಿ ದಡಕ್ಕೆ ಬಿದ್ದ ಮಹೇನೋ ಹಡಗಿನ ತುಕ್ಕು ಹಿಡಿದ ಅವಶೇಷವೂ ಅಲ್ಲಿಂದ ಹತ್ತಿರ. ಡಿಂಗೊ ಎಂಬ ಕಾಡುನಾಯಿಗಳಿಗೆ ಚಪಾತಿಯ ಚೂರನ್ನೂ ಹಾಕಬೇಡಿ, ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಸರೋವರ ಮತ್ತು ತೊರೆ, ಇವೆರಡನ್ನೇ ನೋಡುತ್ತೇವೆ.