ಸಿಗೆತ್ವಾರ್: 1556ರಲ್ಲಿ ಉಳಿದ ಕೋಟೆ 1566ರಲ್ಲಿ ಬಿದ್ದದ್ದು ಹೇಗೆ?

ಕಂದಕಪ್ರಿಯ (ಪ್ರಶ್ನೆ)

ದಕ್ಷಿಣ ಹಂಗೇರಿಯ ಸಿಗೆತ್ವಾರ್ ಕೋಟೆ ಬಗ್ಗೆ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. 1556ರಲ್ಲಿ ಆಟೊಮನ್ (ತುರ್ಕ) ಸೇನಾನಿ ಹಾದಿಮ್ ಅಲಿ ಪಾಶಾ ಮುತ್ತಿಗೆ ಹಾಕಿ ಬರಿಗೈಯಲ್ಲಿ ಹಿಂದಿರುಗಿದ. ಹತ್ತು ವರ್ಷ ಬಿಟ್ಟು ಆಟೊಮನ್ ಸುಲ್ತಾನ್ ಸುಲೈಮಾನನೇ ದಂಡೆತ್ತಿ ಬಂದ. ಒಳಗಿದ್ದವರು ಕೋಟೆಯ ದಳಪತಿ ಮಿಕ್ಲೋಶ್ ಜ್ರೀನ್ಯಿ (ಕ್ರೊವೇಷಿಯನ್ನರ ಬಾಯಲ್ಲಿ ನಿಕೊಲಾ ಜ್ರಿನ್ಸ್ಕಿ) ಮತ್ತು ಸುಮಾರು 2,300 ರಿಂದ 2,500 ಸೈನಿಕರು, ಅಷ್ಟೇ. ಆದರೂ ಆಗಸ್ಟ್ ಮೊದಲ ವಾರದಿಂದ ಸೆಪ್ಟೆಂಬರ್ 8ರವರೆಗೆ ಕೋಟೆ ಬಗ್ಗಲಿಲ್ಲ, ಆಟೊಮನ್ ಕಡೆ ಸಾವಿರಾರು ಹೆಣ ಬಿತ್ತು. ಇಷ್ಟು ದೊಡ್ಡ ಸೈನ್ಯಕ್ಕೆ ಇಷ್ಟು ಸಣ್ಣ ಕೋಟೆ ಯಾಕೆ ಇಷ್ಟು ದುಬಾರಿಯಾಯಿತು? ಅವರ ದೊಡ್ಡ ತೋಪುಗಳು ಏನು ಮಾಡುತ್ತಿದ್ದವು?

ಏರಿತೂಬು

ನಕ್ಷೆ ಮುಂದಿಟ್ಟುಕೊಳ್ಳದೆ ಈ ಮುತ್ತಿಗೆ ಅರ್ಥವಾಗುವುದಿಲ್ಲ. ಸಿಗೆತ್ವಾರ್ ಒಂದು ಕೋಟೆಯಲ್ಲ, ಸಾಲಾಗಿ ನಾಲ್ಕು: ದಕ್ಷಿಣದ ತುದಿಯಲ್ಲಿ ಹೊಸ ಪೇಟೆ, ಅದಕ್ಕೆ ಹೊಂದಿಕೊಂಡು ಹಳೆ ಪೇಟೆ, ಆಮೇಲೆ ಕೊತ್ತಲಗಳಿರುವ ಹೊರಕೋಟೆ, ಅದರೊಳಗೆ ಒಳಕೋಟೆ. ನಡುನಡುವೆ ನೀರು, ಮೇಲೆ ಮರದ ಸೇತುವೆ. ಅಲ್ಮಾಶ್ ಎಂಬ ಹಳ್ಳಕ್ಕೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ದರಿಂದ ಸುತ್ತಲೂ ಜೌಗು.

ಇಲ್ಲಿ ಸೈನ್ಯದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹೊರಗೆ ಎಷ್ಟು ಸಾವಿರ ಜನ ನಿಂತಿದ್ದರೂ ಕಾಲಿಡಲು ಗಟ್ಟಿ ನೆಲ ಇದ್ದಷ್ಟೇ ಜನ ಒಮ್ಮೆಗೆ ಲಗ್ಗೆ ಹಾಕಬಹುದು. ಆ ಗಟ್ಟಿ ನೆಲ ಎಲ್ಲಿದೆ ಎಂದು ಒಳಗಿನ ಬಂದೂಕಿನವರಿಗೂ ಗೊತ್ತು, ಗುರಿ ಮೊದಲೇ ಕಟ್ಟಿಟ್ಟಿರುತ್ತಾರೆ. ಮುಂದಿನ ಸಾಲು ಬಿದ್ದರೆ ಹಿಂದಿನವರಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಹೆಣ ದಾಟಿಕೊಂಡೇ ಬರಬೇಕು.

ಕೆಲಸ ನಡೆದ ಕ್ರಮ ಹೀಗೆ. ಹೊಸ ಪೇಟೆಯ ಸುತ್ತಳತೆ ದೊಡ್ಡದು, ಕಾಯಲು ಜನ ಸಾಲದು. ಮೊದಲ ಕೆಲವೇ ದಿನಗಳಲ್ಲಿ ಜ್ರೀನ್ಯಿ ಅದಕ್ಕೆ ತಾನೇ ಬೆಂಕಿ ಇಟ್ಟು ಹಿಂದೆ ಸರಿದ. ಬೇರೆ ದಾರಿ ಇರಲಿಲ್ಲ, ಆದರೆ ನಷ್ಟವೂ ಆಯಿತು: ಸುಟ್ಟ ಪೇಟೆಯ ಒಣ ನೆಲದ ಮೇಲೆ ಆಟೊಮನ್ನರು ತೋಪು ಹೂಡಿದರು. ಆಮೇಲೆ ಕಟ್ಟೆ ಒಡೆದರು. ಕೆರೆ ಏರಿ ಒಡೆದದ್ದನ್ನು ನೋಡಿದವರಿಗೆ ಗೊತ್ತು, ನೀರು ಹೋದ ಕೂಡಲೇ ನೆಲ ಸಿಗುವುದಿಲ್ಲ, ಸೊಂಟದುದ್ದ ಕೆಸರು ಸಿಗುತ್ತದೆ. ಅದರ ಮೇಲೆ ಸೊಪ್ಪುಕಡ್ಡಿಯ ಹೊರೆ, ಅದರ ಮೇಲೆ ಮಣ್ಣು, ಮತ್ತೆ ಹೊರೆ, ಮತ್ತೆ ಮಣ್ಣು. ಬರೀ ಮಣ್ಣು ಸುರಿದರೆ ಕೆಸರು ನುಂಗುತ್ತದೆ; ಬರೀ ಕಟ್ಟಿಗೆ ಹಾಕಿದರೆ ಒಳಗಿನವರು ಬೆಂಕಿ ಎಸೆಯುತ್ತಾರೆ. ಇಷ್ಟನ್ನೂ ಗುಂಡಿನ ಅಳವಿನೊಳಗೆ ನಿಂತೇ ಮಾಡಬೇಕು. ಸತ್ತವರಲ್ಲಿ ಈ ಹೊರೆ ಹೊತ್ತವರ ಪಾಲು ಸಣ್ಣದಿರಲಾರದು ಎಂದು ನನ್ನ ಅಂದಾಜು.

ಆಗಸ್ಟ್ 19ರಂದು ಹಳೆ ಪೇಟೆ ಬಿತ್ತು. ಜ್ರೀನ್ಯಿಗೆ ದೊಡ್ಡ ಪೆಟ್ಟು ಬಿದ್ದದ್ದು ಅಂದೇ. ಹಿಂದೆ ಸರಿಯಲು ಇದ್ದದ್ದು ಕೋಟೆಗೆ ಹೋಗುವ ಸೇತುವೆ ಮಾತ್ರ, ಅದಕ್ಕೆ ಅಡ್ಡ ಬಿದ್ದ ಜಾನಿಸರಿಗಳ (ಸುಲ್ತಾನನ ಖಾಸಾ ಕಾಲಾಳುಗಳ) ಕೈಗೆ ಸಿಕ್ಕು ಬಹಳಷ್ಟು ಜನ ಅಲ್ಲೇ ಹೋದರು.

ಬುರುಜು57

ತೋಪಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮ ಕಡೆಯ ಕಲ್ಲುಕೋಟೆ ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ದಾರಿ ತಪ್ಪುತ್ತದೆ. ಆ ಗಡಿಯ ಕೋಟೆಗಳಲ್ಲಿ ಬಹುಪಾಲು ಮರ ಮತ್ತು ಮಣ್ಣಿನವು. ಓಕ್ ಮರದ ಗೂಟಗಳನ್ನು ಎರಡು ಸಾಲು ಹುಗಿದು, ಬಳ್ಳಿ ಹೆಣೆದು, ನಡುವೆ ಮಣ್ಣು ತುಂಬಿ ದಮ್ಮಸ್ಸು ಮಾಡಿ, ಹೊರಗೆ ಜೇಡಿ ಮೆತ್ತುತ್ತಾರೆ. ಕಬ್ಬಿಣದ ಗುಂಡು ಕಲ್ಲುಗೋಡೆಗೆ ಬಡಿದರೆ ಬಿರುಕು ಬಿಟ್ಟು ಕೊನೆಗೆ ಕುಸಿಯುತ್ತದೆ; ಇಂಥ ಗೋಡೆಗೆ ಬಡಿದರೆ ಒಳಗೆ ಹೂತುಕೊಳ್ಳುತ್ತದೆ, ಅಷ್ಟೇ. ಹಗಲು ಬಿದ್ದ ತೂತನ್ನು ರಾತ್ರಿ ಗೂಟ, ಮಣ್ಣು ಹಾಕಿ ಮುಚ್ಚಬಹುದು. ಬಿಜಾಪುರದ ಮಲಿಕ್-ಎ-ಮೈದಾನ್ ಎರಕ ಹೊಯ್ದವನೂ ರೂಮಿಯೇ, ಅಂದರೆ ತುರ್ಕ ಸೀಮೆಯವನೇ (1549, ಅಹ್ಮದ್‌ನಗರ), ಹಾಗಾಗಿ ತುರ್ಕರ ತೋಪು ಅಂದರೆ ನಮ್ಮವರಿಗೆ ಅದೇ ಗಾತ್ರ ಕಣ್ಣಮುಂದೆ ಬರುತ್ತದೆ. ಇಂಥ ಗೋಡೆಗೆ ಗಾತ್ರ ದೊಡ್ಡದಾದರೆ ಉಪಯೋಗ ಕಡಿಮೆ, ಜೌಗಿನಲ್ಲಿ ಸಾಗಿಸುವ ಕಷ್ಟ ಮಾತ್ರ ಜಾಸ್ತಿ.

ಆದರೆ ಮರದ ಗೋಡೆಗೆ ಎರಡು ಶತ್ರು, ಬೆಂಕಿ ಮತ್ತು ಸುರಂಗ. ಜೌಗಿನಲ್ಲಿ ದೂರದಿಂದ ಸುರಂಗ ತೋಡಲಾಗದು, ಎರಡು ಮೊಳ ಇಳಿದರೆ ನೀರು. ಅದಕ್ಕೇ ಕೊತ್ತಲದ ಬುಡಕ್ಕೆ ಮಣ್ಣಿನ ದಾರಿ ಮುಟ್ಟುವ ತನಕ ಆಟೊಮನ್ ಸುರಂಗದವರಿಗೆ ಕೆಲಸವಿರಲಿಲ್ಲ. ಅಲ್ಲಿಯವರೆಗೆ ನೇರ ಲಗ್ಗೆ. ಆಗಸ್ಟ್ 29ರಂದು ದೊಡ್ಡ ಲಗ್ಗೆ ಹಾಕಿದರು, ಅದು 1526ರಲ್ಲಿ ಮೊಹಾಚ್‌ನಲ್ಲಿ ಸುಲೈಮಾನ್ ಹಂಗೇರಿಯ ಸೈನ್ಯವನ್ನು ಗೆದ್ದ ದಿನ. ಶುಭದಿನ ಅಂತ ಆರಿಸಿದ್ದು, ಗೋಡೆ ಸಿದ್ಧವಾಗಿದೆ ಅಂತಲ್ಲ. ಸೋತರು.

ಸೆಪ್ಟೆಂಬರ್ 5ರಂದು ಕೊತ್ತಲದ ಬುಡದಲ್ಲಿ ಮದ್ದು ಸಿಡಿಸಿದರು. ಗೋಡೆ ಒಡೆದದ್ದಕ್ಕಿಂತ ಗಾಳಿಗೆ ಬೆಂಕಿ ಹಬ್ಬಿದ್ದೇ ಹೆಚ್ಚು ಹಾನಿ ಮಾಡಿತು. ಉಳಿದವರು ಒಳಕೋಟೆಗೆ ಸೇರಿಕೊಂಡರು, ಆದರೆ ದಾಸ್ತಾನು ಹೊರಕೋಟೆಯಲ್ಲೇ ಉಳಿಯಿತು. ಊಟ ನೀರಿಲ್ಲದೆ, ತಲೆಯ ಮೇಲೆ ಉರಿ ಇಟ್ಟುಕೊಂಡು ಅಲ್ಲಿ ಎಷ್ಟು ದಿನ ಇರಲಾದೀತು? ಹೊರಬಿದ್ದು ಸಾಯುವ ಅವರ ತೀರ್ಮಾನವನ್ನು ಹುಚ್ಚು ಧೈರ್ಯ ಅನ್ನುವವರು ಇದನ್ನು ಮರೆಯುತ್ತಾರೆ.

ಹೊರಬಿದ್ದ ರೀತಿಯಲ್ಲೂ ಲೆಕ್ಕಾಚಾರ ಇತ್ತು. ಬಾಗಿಲ ಹಿಂದೆ ಒಂದು ಗಿಡ್ಡ ತೋಪಿಗೆ ಕಬ್ಬಿಣದ ಚೂರು ತುಂಬಿ, ಬಾಗಿಲು ತೆಗೆದ ಕೂಡಲೇ ಸೇತುವೆಯ ಮೇಲೆ ಒತ್ತೊತ್ತಾಗಿ ನಿಂತವರ ಮೇಲೆ ಹಾರಿಸಿ, ಆ ಹೊಗೆಯಲ್ಲೇ ನುಗ್ಗಿದರು. ಜ್ರೀನ್ಯಿ ಮೈಗೆ ಕವಚ ಹಾಕಿರಲಿಲ್ಲ. ಎದೆಗೆ ಗುಂಡು, ತಲೆಗೆ ಬಾಣ ತಗುಲಿ ಬಿದ್ದ. ಬದುಕುಳಿದ ಕೆಲವೇ ಜನರಲ್ಲಿ ಅವನ ಆಪ್ತ ಸೇವಕ ಫೆರೆನ್ಸ್ ಚ್ರ್‌ನ್ಕೊ ಒಬ್ಬ. ಈ ವಿವರಗಳು ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಅವನ ಬರಹದಿಂದ.

ಕಂದಕಪ್ರಿಯ

ಇಬ್ಬರಿಗೂ ಧನ್ಯವಾದ. ಹಾಗಾದರೆ 1556ರಲ್ಲಿ ಇದೇ ಕೆಲಸ ಅಲಿ ಪಾಶಾನಿಂದ ಯಾಕೆ ಆಗಲಿಲ್ಲ? ಕೋಟೆ ಬೀಳುವ ಮೊದಲೇ ಸುಲ್ತಾನ್ ಸತ್ತಿದ್ದನಲ್ಲ, ಸೈನ್ಯ ಚದುರಲಿಲ್ಲವೇ?

ಹಳೇದಫ್ತರ

1556ರ ಉತ್ತರ ಕೋಟೆಯೊಳಗಿಲ್ಲ, ಹೊರಗಿದೆ. ಆಗ ಮಾರ್ಕೊ ಹೊರ್ವಾತ್ ಒಳಗೆ ತಡೆಯುತ್ತಿದ್ದಾಗ ಹಂಗೇರಿಯ ಸೇನಾನಿ ತಮಾಶ್ ನಾದಾಶ್ದಿ ತುರ್ಕರ ಕೈಯಲ್ಲಿದ್ದ ಪಕ್ಕದ ಬಾಬೋಚಾ ಕೋಟೆಯ ಮೇಲೆ ಬಿದ್ದ. ಅದನ್ನು ಉಳಿಸಿಕೊಳ್ಳಲು ಅಲಿ ಪಾಶಾ ಮುತ್ತಿಗೆಯ ಕೆಲಸ ಅರ್ಧಕ್ಕೆ ಬಿಟ್ಟು ಓಡಬೇಕಾಯಿತು. ಅರ್ಧ ತುಂಬಿದ ಕಂದಕ ಅಂದರೆ ಒಳಗಿನವರಿಗೆ ಹಬ್ಬ, ಬಿಡುವು ಸಿಕ್ಕರೆ ಎಲ್ಲವನ್ನೂ ಕಿತ್ತುಹಾಕುತ್ತಾರೆ. 1566ರಲ್ಲಿ ಜ್ರೀನ್ಯಿಯ ಒಡೆಯ, ಹಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಮಾಕ್ಸಿಮಿಲಿಯನ್‌ನ ದೊಡ್ಡ ಸೈನ್ಯ ಉತ್ತರದಲ್ಲಿ ದ್ಯೋರ್ ಹತ್ತಿರ ಬೀಡುಬಿಟ್ಟಿತ್ತು, ಅಲ್ಲಿಂದ ಕದಲಲಿಲ್ಲ. ವಿಯೆನ್ನಾ ದಾರಿ ಕಾಯುವುದು ಅವನ ಲೆಕ್ಕ. ತಪ್ಪು ಅನ್ನಲಾರೆ, ಆದರೆ ಆ ಲೆಕ್ಕದಲ್ಲಿ ಸಿಗೆತ್ವಾರ್ ಅನ್ನು ಖರ್ಚಿಗೆ ಬರೆದುಬಿಟ್ಟಿದ್ದ.

ಸಮಯದ ಮಾತು. 1552ರಲ್ಲಿ ಹಂಗೇರಿಯದೇ ಎಗೆರ್ ಕೋಟೆಯೂ ಹತ್ತಿರ ಹತ್ತಿರ ಇಷ್ಟೇ ದಿನ ತಡೆದು ಉಳಿಯಿತು. ಆದರೆ ಅಲ್ಲಿ ಮುತ್ತಿಗೆ ಶುರುವಾದದ್ದೇ ಸೆಪ್ಟೆಂಬರ್‌ನಲ್ಲಿ, ಅಕ್ಟೋಬರ್ ನಡುವಿಗೆ ಚಳಿ ಹಿಡಿದು ಪಾಶಾಗಳು ಎದ್ದು ಹೋದರು. ಸಿಗೆತ್ವಾರ್‌ನಲ್ಲಿ ಆಗಸ್ಟ್‌ನಲ್ಲೇ ಶುರು. ಸುಲೈಮಾನ್ ಇಸ್ತಾಂಬುಲ್ ಬಿಟ್ಟದ್ದು ಮೇ 1ಕ್ಕೆ. ಮೂರು ತಿಂಗಳು ನಡಿಗೆಗೇ ಹೋದರೆ, ವಾಪಸು ದಾರಿ ಕಳೆದು ಕೈಯಲ್ಲಿ ಉಳಿಯುವುದು ಕೆಲವೇ ವಾರ. ಅವಸರ ಬಂದದ್ದು ಅಲ್ಲಿಂದ, ಹೆಣಗಳೂ.

ಸುಲ್ತಾನ್ ಸತ್ತದ್ದು ಕೋಟೆ ಬೀಳುವುದಕ್ಕೆ ಒಂದೆರಡು ದಿನ ಮೊದಲು, ಡೇರೆಯಲ್ಲಿ. ವಯಸ್ಸು 70 ದಾಟಿತ್ತು, ಸಂಧಿವಾತದಿಂದ ದಾರಿಯುದ್ದಕ್ಕೂ ಗಾಡಿಯಲ್ಲೇ ಬಂದಿದ್ದ. ವಜೀರ್ ಸೊಕೊಲ್ಲು ಮೆಹಮದ್ ಪಾಶಾ ಸುದ್ದಿ ಬಚ್ಚಿಟ್ಟ. ಸುಲ್ತಾನನ ಹೆಸರಿನಲ್ಲೇ ಆಜ್ಞೆ ಹೊರಟವು, ಬಿದ್ದ ಕೋಟೆಯ ದುರಸ್ತಿಗೆ ಸೈನ್ಯವನ್ನು ಹಚ್ಚಿದ, ಇನ್ನೊಂದು ಕಡೆ ಕುತಾಹ್ಯಾದಲ್ಲಿದ್ದ ಸುಲ್ತಾನನ ಮಗ, ಉತ್ತರಾಧಿಕಾರಿ ಸೆಲೀಮ್‌ಗೆ ಗುಟ್ಟಾಗಿ ಓಲೆ ಕಳಿಸಿದ. ಸುದ್ದಿ ಮುಚ್ಚಿಟ್ಟ ಅವಧಿ 48 ದಿನ ಎನ್ನುತ್ತಾರೆ.

ಒಂದು ಎಚ್ಚರಿಕೆ: ಆಟೊಮನ್ ಸಾವು 20,000, 30,000 ಅಂತ ಓದುತ್ತೀರಿ. ಅವು ಬಹುತೇಕ ಎದುರಾಳಿ ಪಾಳೆಯದ ಅಂಕಿ. ಕೊನೆಯಲ್ಲಿ ಮದ್ದಿನ ಮನೆ ಸಿಡಿದು 3,000 ಜನ ಸತ್ತರು ಅನ್ನುವುದನ್ನೂ ಹಾಗೇ ನೋಡಿ. ನಷ್ಟ ಭಾರಿ ಎಂಬುದರಲ್ಲಿ ಅನುಮಾನವಿಲ್ಲ.

ಏರಿತೂಬು

ಒಂದು ಸೇರಿಸುತ್ತೇನೆ. ಹಾಬ್ಸ್‌ಬರ್ಗ್‌ನವರು ಇದೇ ಕೋಟೆಯನ್ನು ತುರ್ಕರಿಂದ 1689ರಲ್ಲಿ ತೆಗೆದುಕೊಂಡರು. ಆಗ ಲಗ್ಗೆಯ ಗೋಜಿಗೆ ಹೋಗಲಿಲ್ಲ, ತಿಂಗಳುಗಟ್ಟಲೆ ದಾರಿ ಕಟ್ಟಿ ಒಳಗಿನವರನ್ನು ಹಸಿವಿನಿಂದ ಬಗ್ಗಿಸಿದರು. ಜೌಗು ಒಳಬರುವವರನ್ನು ತಡೆದಷ್ಟೇ ಹೊರಹೋಗುವವರನ್ನೂ ತಡೆಯುತ್ತದೆ, ನಾಲ್ಕೈದು ದಾರಿ ಕಾದರೆ ಮುಗಿಯಿತು. ಸುಲೈಮಾನನಿಗೆ ಈ ದಾರಿ ಇರಲಿಲ್ಲ. ಅಷ್ಟು ದೊಡ್ಡ ಸೈನ್ಯವನ್ನೂ ಅದರ ಕುದುರೆಗಳನ್ನೂ ಚಳಿಗಾಲದಲ್ಲಿ ಅಲ್ಲಿ ಸಾಕಲಾಗುತ್ತಿರಲಿಲ್ಲ.