ವಾಯುಮಂಡಲದ ಪದರಗಳನ್ನು ಎಂಟನೇ ತರಗತಿಗೆ ಕಲಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಕೇಳಿದವರು: ಪ್ರೌಢಶಾಲೆ ಶಿಕ್ಷಕಿ, ನವಲಗುಂದ ತಾಲ್ಲೂಕು
40 ನಿಮಿಷದ ಎರಡು ಅವಧಿಗಳಿವೆ. ಐದು ಮಂಡಲಗಳ ಹೆಸರನ್ನು ಮಕ್ಕಳು ಬಾಯಿಪಾಠ ಮಾಡಿಬಿಡುತ್ತಾರೆ. ಮೇಲೆ ಹೋದಂತೆ ತಾಪಮಾನ ಒಮ್ಮೆ ಇಳಿದು ಒಮ್ಮೆ ಏರುವುದೇಕೆ ಎಂದರೆ ಉತ್ತರ ಬರುವುದಿಲ್ಲ. ಗಾಜಿನ ಜಾಡಿಯಲ್ಲಿ ಜೇನು, ನೀರು, ಎಣ್ಣೆ ಸುರಿದು ಪದರ ತೋರಿಸಬೇಕೆಂದಿದ್ದೇನೆ. ಸರಿಯೇ?

ಭೂಗೋಳ ಶಿಕ್ಷಕರು, ಧಾರವಾಡ
ಮೇಡಂ, ಆ ಜಾಡಿ ಬೇಡ. ಜೇನು, ನೀರು, ಎಣ್ಣೆ ಬೇರೆ ಬೇರೆ ವಸ್ತುಗಳು. ಪ್ರತಿ ಮಂಡಲದಲ್ಲೂ ಬೇರೆ ಗಾಳಿ ಇದೆ ಎಂದೇ ಮಕ್ಕಳು ತಿಳಿಯುತ್ತಾರೆ. ಆದರೆ ಸುಮಾರು 80–100 ಕಿ.ಮೀ.ವರೆಗೂ ಸಾರಜನಕ 78, ಆಮ್ಲಜನಕ 21 ಎಂಬ ಪ್ರಮಾಣ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮಂಡಲಗಳನ್ನು ಬೇರ್ಪಡಿಸುವುದು ತಾಪಮಾನ ತಿರುಗುವ ಜಾಗ. ಆದ್ದರಿಂದ ಮೊದಲ ಅವಧಿಯಲ್ಲಿ ಹೆಸರನ್ನೇ ಹೇಳಬೇಡಿ, ಗ್ರಾಫ್ ಬರೆಸಿ.

ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 5 ಕಿ.ಮೀ., ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 10 ಡಿಗ್ರಿ, −100ರಿಂದ +20ರವರೆಗೆ. ಅಂತರರಾಷ್ಟ್ರೀಯವಾಗಿ ಬಳಸುವ ಸರಾಸರಿ ಅಂಕಿಗಳು ಇವು: 0 ಕಿ.ಮೀ.ನಲ್ಲಿ 15 ಡಿಗ್ರಿ ಸೆಲ್ಸಿಯಸ್, 11ರಲ್ಲಿ −56.5, 20ರಲ್ಲಿ −56.5, 32ರಲ್ಲಿ −44.5, 47ರಲ್ಲಿ −2.5, 51ರಲ್ಲಿ −2.5, 71ರಲ್ಲಿ −58.5, 85ರಲ್ಲಿ ಸುಮಾರು −86. ಚುಕ್ಕೆ ಸೇರಿಸಿದ ಮೇಲೆ ಗೆರೆ ಎಲ್ಲೆಲ್ಲಿ ದಿಕ್ಕು ಬದಲಿಸಿತು ಎಂದು ಕೇಳಿ, ಅಲ್ಲಿ ಅಡ್ಡಗೆರೆ ಎಳೆಸಿ. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ ಎಂದು ಹೆಸರು ಬರೆಯುವುದು ಆಮೇಲೆ. ಉಷ್ಣತಾ ಮಂಡಲ ಈ ಹಾಳೆಯಲ್ಲಿ ಹಿಡಿಸುವುದಿಲ್ಲ, ಮೇಲೆ ಒಂದು ಬಾಣ ಹಾಕಿದರೆ ಸಾಕು.

ಸಾಮಾನ್ಯವಾಗಿ ತಪ್ಪುವುದು ಋಣ ಸಂಖ್ಯೆಗಳಲ್ಲಿ. −44.5 ಅನ್ನು −56.5ರ ಎಡಕ್ಕೆ ಗುರುತಿಸುವ ಮಕ್ಕಳಿರುತ್ತಾರೆ, ಅಲ್ಲಿಗೆ ಸಮೋಷ್ಣ ಮಂಡಲ ತಣ್ಣಗಾಗಿಬಿಡುತ್ತದೆ. ಅಡ್ಡ ಅಕ್ಷವನ್ನು ಬೋರ್ಡಿನ ಮೇಲೆ ನೀವೇ ಬರೆದುಕೊಡಿ.

ವಿಜ್ಞಾನ ಶಿಕ್ಷಕರು, ಗದಗ
ಅಕ್ಕೋರೆ, ಗ್ರಾಫ್ ಖರೆ, ಆದ್ರ ಎತ್ತರದ ಅಂದಾಜು ಅದರಾಗ ಬರೂದಿಲ್ಲ. ಎರಡು ಚಾರ್ಟ್ ಶೀಟ್ ತಗೊಂಡು ಉದ್ದಕ್ಕ 10 ಸೆಂ.ಮೀ. ಅಗಲದ ಪಟ್ಟಿ ಕತ್ತರಸ್ರಿ. ಒಂಬತ್ತು ಪಟ್ಟಿ ಅಂಟಿಸಿದ್ರ 6 ಮೀಟರ್ ಆಗ್ತದ. 1 ಸೆಂ.ಮೀ.ಗೆ 1 ಕಿ.ಮೀ. ಹಿಡೀರಿ, ವರಾಂಡದ ಗ್ವಾಡಿಗೆ ಅಡ್ಡ ಹಚ್ರಿ. ಹಗ್ಗ ಬ್ಯಾಡ, ಜೋತುಬಿದ್ದು ಅಳತಿ ತಪ್ಪತದ. ಮುಳ್ಳಯ್ಯನಗಿರಿ 1.9 ಸೆಂ.ಮೀ., ಎವರೆಸ್ಟ್ 8.8, ದೊಡ್ಡ ವಿಮಾನ 10ರಿಂದ 12, ಸಮೋಷ್ಣ ಮಂಡಲದ ತುದಿ 50, ಮಧ್ಯಂತರದ್ದು 85, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 4 ಮೀಟರ್.

ಇದನ್ನ ಊರಿನ ದಾರಿಗೆ ಹೊಂದಿಸ್ರಿ. ಹುಬ್ಬಳ್ಳಿಯಿಂದ ಧಾರವಾಡಕ್ಕ ಸುಮಾರು 20 ಕಿ.ಮೀ., ಅಷ್ಟು ದೂರ ಮ್ಯಾಲೆ ಹ್ವಾದ್ರ ಮಳಿ-ಮೋಡದ ಮಂಡಲ ಮುಗದೇ ಹೋಗಿರ್ತದ. ಗದಗ ಮುಟ್ಟೂದರಾಗ ಸಮೋಷ್ಣ ಮಂಡಲ ಮುಗೀತದ, ಹಾವೇರಿ ದಾಟಿ ಸ್ವಲ್ಪ ಮುಂದ ಮಧ್ಯಂತರ. ಬಾಹ್ಯಾಕಾಶ ನಿಲ್ದಾಣ ಅಂದ್ರ ಬೆಂಗಳೂರಿನಷ್ಟು ದೂರ.

ಇನ್ನ 100 ಜ್ವಾಳದ ಕಾಳು ಎಣಿಸಿ ಫೆವಿಕಾಲ್ ಹಚ್ಚಿ ಅಂಟಿಸ್ರಿ. ಇಡೀ ಗಾಳಿಯ ತೂಕ ನೂರು ಕಾಳು ಅಂದ್ರ, ಮೊದಲ 5.5 ಸೆಂ.ಮೀ.ದಾಗ 50, ಅಲ್ಲಿಂದ 16ರ ತನಕ 40, 31ರ ತನಕ 9. ಉಳಿದ ಐದೂವರೆ ಮೀಟರಿಗೆ ಒಂದೇ ಕಾಳು. ಪಟ್ಟಿ ನೆಲದ ಮ್ಯಾಲಿದ್ದಾಗನ ಅಂಟಿಸ್ರಿ, ಗ್ವಾಡಿಗೆ ಹಚ್ಚಿದ ಮ್ಯಾಲೆ ಕಾಳು ಜಾರ್ತಾವು.

ಭೌತಶಾಸ್ತ್ರ ಶಿಕ್ಷಕಿ, ಹಾವೇರಿ
ತಾಪಮಾನದ ಏರಿಳಿತದಿಂದ ಏನಾಗುತ್ತದೆ ಎಂಬುದಕ್ಕೆ ಜಾಡಿಯ ಬದಲು ಇದನ್ನು ಮಾಡಿ. ಒಂದೇ ಅಳತೆಯ ಅಗಲ ಬಾಯಿಯ ನಾಲ್ಕು ಗಾಜಿನ ಬಾಟಲಿ, ಹಳೆಯ ಲ್ಯಾಮಿನೇಷನ್ ಹಾಳೆಯ ತುಂಡುಗಳು, ಕೆಳಗಿಡಲು ಒಂದು ಪರಾತ. ಎರಡು ಬಾಟಲಿಗೆ ಸುಮಾರು 50 ಡಿಗ್ರಿಯ ಬಿಸಿನೀರು, ಚಿಟಿಕೆ ಕೆಂಪು ಬಣ್ಣ. ಇನ್ನೆರಡಕ್ಕೆ ಫ್ರಿಜ್ಜಿನ ತಣ್ಣೀರು, ನೀಲಿ ಬಣ್ಣ. ನೀರು ಬಾಯಿಯಿಂದ ಉಬ್ಬಿ ನಿಲ್ಲುವಷ್ಟು ತುಂಬಿ. ಗಾಳಿ ಉಳಿದರೆ ಹಾಳೆ ಎಳೆದಾಗ ಗುಳ್ಳೆ ಏರಿ ಎಲ್ಲವನ್ನೂ ಕಲಕುತ್ತದೆ.

ಮೊದಲ ಜೋಡಿಯಲ್ಲಿ ಬಿಸಿ ಕೆಳಗೆ. ತಣ್ಣೀರಿನ ಬಾಟಲಿಯನ್ನು ಹಾಳೆ ಮುಚ್ಚಿ ತಲೆಕೆಳಗೆ ಮಾಡಿ ಅದರ ಮೇಲಿಟ್ಟು, ಹಾಳೆಯನ್ನು ನಿಧಾನವಾಗಿ ಅಡ್ಡಕ್ಕೆ ಎಳೆಯಿರಿ. ನೋಡುನೋಡುತ್ತಲೇ ನೇರಳೆಯಾಗುತ್ತದೆ. ಇದು ಪರಿವರ್ತನಾ ಮಂಡಲ: ನೆಲ ಬಿಸಿಲಿಗೆ ಕಾಯ್ದು ಗಾಳಿಯನ್ನು ತಳದಿಂದ ಬಿಸಿ ಮಾಡುತ್ತದೆ. ಎರಡನೇ ಜೋಡಿಯಲ್ಲಿ ಬಿಸಿ ಮೇಲೆ. ಕೆಂಪು, ನೀಲಿ ಬಹಳ ಹೊತ್ತು ಬೇರೆಯಾಗಿಯೇ ನಿಲ್ಲುತ್ತವೆ. ಇದು ಸಮೋಷ್ಣ ಮಂಡಲ: ಓಝೋನ್ ನೇರಳಾತೀತ ಕಿರಣ ಹೀರಿ ಮೇಲ್ಭಾಗವನ್ನು ಬಿಸಿ ಮಾಡುತ್ತದೆ, ಗಾಳಿ ಮೇಲೆ ಕೆಳಗೆ ಕಲೆಯುವುದಿಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೋ ಜ್ವಾಲಾಮುಖಿಯಿಂದ ಅಲ್ಲಿಗೇರಿದ ಗಂಧಕದ ಕಣಗಳು ಒಂದೆರಡು ವರ್ಷ ಉಳಿದು ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪು ಮಾಡಿದ್ದು ಇದೇ ಕಾರಣಕ್ಕೆ. ಕೆಳಗಿನ ಮಂಡಲದಲ್ಲಾಗಿದ್ದರೆ ಕೆಲವೇ ವಾರಗಳಲ್ಲಿ ಮಳೆ ತೊಳೆದುಬಿಡುತ್ತಿತ್ತು.

ಕೇಳಿದವರು
ಬಿಸಿನೀರಿನ ಬಾಟಲಿ ಮಕ್ಕಳ ಕೈಗೆ ಕೊಡಬಹುದೇ? ಮತ್ತೆ, ಉಷ್ಣತಾ ಮಂಡಲ 1000 ಡಿಗ್ರಿ ದಾಟುತ್ತದಲ್ಲ, ಬಾಹ್ಯಾಕಾಶ ನಿಲ್ದಾಣ ಏಕೆ ಕರಗುವುದಿಲ್ಲ ಎಂದು ಕೇಳೇ ಕೇಳುತ್ತಾರೆ.

ಭೌತಶಾಸ್ತ್ರ ಶಿಕ್ಷಕಿ, ಹಾವೇರಿ
ತಲೆಕೆಳಗೆ ಮಾಡುವುದು ನೀವೇ ಮಾಡಿ, ಬಟ್ಟೆ ಹಿಡಿದು. ಗಾಜನ್ನು ಮೊದಲು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ, ಇಲ್ಲವಾದರೆ ಬಿರುಕು ಬಿಡಬಹುದು. ಎರಡನೆಯದಕ್ಕೆ ಉತ್ತರ ಜೋಳದ ಕಾಳಿನಲ್ಲೇ ಇದೆ. ತಾಪಮಾನ ಎಂದರೆ ಒಂದೊಂದು ಕಣದ ವೇಗದ ಲೆಕ್ಕ. ಕಣಗಳೇ ಅಷ್ಟು ವಿರಳವಾದಾಗ ಅವು ತಾಗಿ ಕೊಡುವ ಶಾಖ ತೀರಾ ಕಡಿಮೆ.

ವಿಜ್ಞಾನ ಶಿಕ್ಷಕರು, ಹುಬ್ಬಳ್ಳಿ
ಧಾರವಾಡದ ಸರ್ ಕೊಟ್ಟ ಅಂಕಿಗಳಿಗೆ ಒಂದು ಸೇರಿಕೆ. 11 ಕಿ.ಮೀ. ಎಂಬುದು ಮಧ್ಯ ಅಕ್ಷಾಂಶದ ಸರಾಸರಿ. 15 ಡಿಗ್ರಿ ಉತ್ತರದಲ್ಲಿರುವ ನಮ್ಮ ತಲೆಯ ಮೇಲೆ ಆ ತಿರುವು 16–17 ಕಿ.ಮೀ.ನಲ್ಲಿದೆ, ತಾಪಮಾನ −75ಕ್ಕೂ ಕೆಳಗೆ. ಪಠ್ಯದಲ್ಲಿ 18 ಎಂದಿರುವುದು ಸಮಭಾಜಕದ ಲೆಕ್ಕ, ಪರೀಕ್ಷೆಗೆ ಅದನ್ನೇ ಬರೆಸಿ.

ನಮಗೆ ಹತ್ತಿರದ ಹವಾಮಾನ ಬಲೂನು ಗೋವಾದ್ದು. ಅದರ ಅಳತೆಗಳು ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ಮೂರು ಕಾಲಂ ಕ್ರಮವಾಗಿ ಒತ್ತಡ, ಮೀಟರಿನಲ್ಲಿ ಎತ್ತರ, ತಾಪಮಾನ. ಸುಮಾರು 2 ಕಿ.ಮೀ.ಗೆ ಒಂದರಂತೆ ಹತ್ತು ಸಾಲು ಆರಿಸಿ, ಅದೇ ಗ್ರಾಫಿನ ಮೇಲೆ ಬೇರೆ ಶಾಯಿಯಲ್ಲಿ ಬರೆಸಿ. ಕೆಲವು ದಿನ ಬಲೂನು ಬೇಗ ಒಡೆದು ಪಟ್ಟಿ 12 ಕಿ.ಮೀ.ಗೇ ನಿಂತಿರುತ್ತದೆ. 20 ಕಿ.ಮೀ. ದಾಟಿದ ದಿನವನ್ನೇ ಹುಡುಕಿ, ಇಲ್ಲದಿದ್ದರೆ ತಿರುವೇ ಕಾಣುವುದಿಲ್ಲ.

ಪಾಠ ಏಪ್ರಿಲ್-ಮೇ ಹತ್ತಿರ ಬಂದರೆ ಸಂಜೆ ದೂರದ ಗುಡುಗುಮೋಡ ತೋರಿಸಿ. ಏರುತ್ತಾ ಹೋಗಿ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿಕೊಂಡಿದ್ದರೆ, ಆ ಚಪ್ಪಟೆ ಅಂಚೇ ಪರಿವರ್ತನಾ ಮಂಡಲದ ಮೇಲ್ಗಡಿ. ನೆತ್ತಿಯ ಮೇಲಿನ ಮೋಡದಲ್ಲಿ ಇದು ಕಾಣದು. ಗುಡುಗು ಕೇಳಿಸಿದರೆ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಬೇಡಿ, ಕೋಣೆಯ ಒಳಗಿಂದಲೇ ತೋರಿಸಿ.